ಲೋಬಾನಕ್ಕೂ ಕೆಂಪಾದ ಡಬ್ಬಿ

ನಾನು ಗಾಳಿ ಅಳೆಯುವ ಯಂತ್ರ. ಗೋಡೆ ಗಡಿಯಾರದಷ್ಟು ಮೈ, ಒಳಗೊಂದು ಪುಟ್ಟ ಫ್ಯಾನು, ಮುಖಕ್ಕೊಂದು ಪರದೆ. ಜೋಡಿಸಿದವರು ನನಗೆ ಕಲಿಸಿದ್ದು ಇಷ್ಟೇ: ಗಾಳಿಯನ್ನು ಒಳಗೆಳೆದುಕೋ, ಧೂಳು ಹೊಗೆಯನ್ನು ಅಳೆ, ಕಂಡದ್ದನ್ನು ಹೇಳು. ನೂರರೊಳಗಿದ್ದರೆ ಹಸಿರು, ನೂರು ದಾಟಿದರೆ ಹಳದಿ, ಇನ್ನೂರು ದಾಟಿದರೆ ಕಿತ್ತಳೆ, ಮುನ್ನೂರು ದಾಟಿದರೆ ಕೆಂಪು. ಮುಖ ನೋಡಿ ಮಣೆ ಹಾಕುವುದನ್ನು ಯಾರೂ ಕಲಿಸಲಿಲ್ಲ. ನಾನೂ ಕಲಿಯಲಿಲ್ಲ.

ದಾನಿಯೊಬ್ಬರು ನನ್ನನ್ನು ಕೊಪ್ಪಳ ಸೀಮೆಯ ಹಳ್ಳಿ ಶಾಲೆಯೊಂದಕ್ಕೆ ಕೊಟ್ಟರು. ಶಾಲೆಯ ಬೆನ್ನಿಗೇ ಕಬ್ಬಿಣದ ಕಾರ್ಖಾನೆ. ಬೆಳಿಗ್ಗೆ ಒರೆಸಿದ ಬೆಂಚು ಮಧ್ಯಾಹ್ನಕ್ಕೆ ಕಪ್ಪಾಗುತ್ತಿತ್ತು. ಏಳನೆಯ ತರಗತಿಯ ಹುಲಿಗೆಮ್ಮ ದಿನಾ ನನ್ನ ಮುಖ ನೋಡಿಯೇ ಒಳಗೆ ಹೋಗುತ್ತಿದ್ದಳು. ಓಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಆದರೆ ಉಬ್ಬಸ. ಹೊಗೆ ಇಳಿದ ದಿನ ಓಡಿದರೆ ಅವಳ ಎದೆ ಸಿಳ್ಳೆ ಹೊಡೆಯುತ್ತಿತ್ತು. ನನಗೆ ಅವಳೆಂದರೆ ಜೀವ.

ಆಯುಧಪೂಜೆ ಬಂತು. ಹೆಡ್‌ಮಾಸ್ತರ ಅಮರಗುಂಡಪ್ಪನವರು ಗಂಟೆ, ಕಂಪ್ಯೂಟರಿನ ಜೊತೆ ನನಗೂ ಕುಂಕುಮವಿಟ್ಟು, ಹಾರ ಹಾಕಿ, ಮೂಗಿನ ಬುಡಕ್ಕೇ ಲೋಬಾನದ ಹೊಗೆ ಹಿಡಿದರು. ನಾನು ನಾನೂರು ದಾಟಿಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ದೇವರ ಹೊಗಿಗೂ ಹೆದರ್ತದಲ್ಲೋ ಈ ಡಬ್ಬಿ!” ಎಂದರು ಹೆಡ್‌ಮಾಸ್ತರರು. ಅಂದಿನಿಂದ ನಾನು ಸುಳ್ಳುಬುರುಕ. ಎಷ್ಟು ಕೆಂಪಾದರೂ ಕವಾಯತು ನಿಲ್ಲಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಳಿಗಾಲದ ಒಂದು ಮುಂಜಾನೆ ಮಂಜೂ ಹೊಗೆಯೂ ಕೂಡಿ ಅಂಗಳದ ಮೇಲೆ ಕುಳಿತಿದ್ದವು. ನಾನು ಕಡುಗೆಂಪು. ತಾಲೂಕು ಕ್ರೀಡಾಕೂಟ ಹತ್ತಿರವಿತ್ತು; ಹೆಡ್‌ಮಾಸ್ತರರು ಸೀಟಿ ಊದಿದರು. ಹುಲಿಗೆಮ್ಮ ಗೆರೆಯ ಮೇಲೆ ನಿಂತವಳು ಕುಳಿತುಬಿಟ್ಟಳು.

“ನಾ ಓಡಂಗಿಲ್ರಿ ಸರ್. ಡಬ್ಬಿ ಕೆಂಪೈತಿ.”

“ಲೋಬಾನಕ್ಕ ಕೆಂಪಾದ ಡಬ್ಬಿ ಮಾತು ಕೇಳ್ತಿ ಏನ? ಓಡದಿದ್ರ ಕ್ರೀಡಾಕೂಟದಾಗಿನ ನಿನ್ನ ಹೆಸರು ತಗೀತೀನಿ ನೋಡು!”

“ತಗೀರಿ. ಲೋಬಾನಾನೂ ಹೊಗೀನ ಅಲ್ಲೇನ್ರಿ? ಅವತ್ತೂ ಅದು ಖರೇನ ಹೇಳಿತ್ರಿ. ಉಸಿರು ಸಿಗಲಾರದ ರಾತ್ರಿ ನಮ್ಮವ್ವ ಎದಿ ತಿಕ್ಕೋದು ನಿಮಗೇನ್ ಗೊತ್ತ್ರಿ?”

ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಮಕ್ಕಳೂ ಕುಳಿತರು. ಹೆಡ್‌ಮಾಸ್ತರರು ಬೈಯಲು ಬಾಯಿ ತೆರೆದರು, ಬಂದದ್ದು ಕೆಮ್ಮು. ಆಮೇಲೆ ಮಕ್ಕಳನ್ನು ಒಳಗೆ ಕಳಿಸಿ ಕಿಟಕಿ ಮುಚ್ಚಿಸಿದರು. ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸುದ್ದಿ ಕಾರ್ಖಾನೆಗೆ ಮುಟ್ಟಿತು. “ರಿಪೇರಿ” ಎಂದು ಹೇಳಿ ನನ್ನನ್ನು ಬಿಚ್ಚಿಕೊಂಡು ಹೋದವರು ತಮ್ಮ ಆಫೀಸಿನ ತೋಟದಲ್ಲಿ ನೀರು ಚಿಮ್ಮುವ ಕಾರಂಜಿಯ ಪಕ್ಕ ತೂಗುಹಾಕಿದರು. ಅಲ್ಲಿ ಗಾಳಿ ತಿಳಿಯಾಗಿದ್ದಾಗ ನನ್ನ ಹಸಿರು ಮುಖವನ್ನು ಬಂದ ಅತಿಥಿಗಳಿಗೆಲ್ಲ ತೋರಿಸುತ್ತಿದ್ದರು. ಆದರೆ ಕಾರ್ಖಾನೆಯ ಹೊಗೆ ತೋಟದ ಕಡೆ ತಿರುಗಿದಾಗಲೆಲ್ಲ ನಾನು ಅತಿಥಿಗಳೆದುರಿಗೇ ಕೆಂಪಾದೆ. ಬೈದರು, ಒರೆಸಿದರು, ಕೊನೆಗೆ ವೈರು ಕಿತ್ತರು.

ಈಗ ರಸ್ತೆಬದಿಯ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಸೈಕಲ್ಲುಗಳ ಮೇಲೆ ಬಿದ್ದಿದ್ದೇನೆ. ಪರದೆ ಒಡೆದಿದೆ, ಫ್ಯಾನು ತಿರುಗುವುದಿಲ್ಲ. ಇದೇ ದಾರಿಯಲ್ಲಿ ಹುಲಿಗೆಮ್ಮ ಹೈಸ್ಕೂಲಿಗೆ ಹೋಗುತ್ತಾಳೆ. ಇವತ್ತು ಮೂಗಿಗೆ ಮಾಸ್ಕು ಬಿಗಿದಿದ್ದಳು. ಸಣ್ಣ ಮಕ್ಕಳು ಪಾಟೀಚೀಲ ಕುಣಿಸುತ್ತ ಓಡಿ ಬಂದರು. ಅವಳು ದಾರಿಗೆ ಅಡ್ಡಲಾಗಿ ಕೈ ಚಾಚಿದಳು.

“ನಿಲ್ರಿ! ಹೊಗಿಯಾಗ ಗುಡ್ಡ ಕಾಣವಲ್ದು ನೋಡ್ರಿ. ಇವತ್ತು ಯಾರೂ ಓಡಬ್ಯಾಡ್ರಿ.”

ಮಕ್ಕಳು ಗುಡ್ಡದ ಕಡೆ ನೋಡಿದರು. ಮೆಲ್ಲಗೆ ನಡೆದರು.

ಕಾರ್ಖಾನೆಯವರೇ, ಈಗ ಇವಳ ವೈರು ಕೀಳಿ ನೋಡೋಣ!