ಮೊದಲು ಪೀಠಿಕೆ, ಆಮೇಲೆ ಬಲೆ

ಯಾವ ಕಾಡು ಎಂದು ಕೇಳಬೇಡಿ. ಹೆಸರು ಹೇಳಿಬಿಟ್ಟರೆ, ಸದ್ಯ ನಮ್ಮದಲ್ಲ ಎಂದು ನೀವು ನೆಮ್ಮದಿಯಾಗಿ ಕೂತುಬಿಡುತ್ತೀರಿ. ಆ ಕಾಡಿನಲ್ಲಿ ಒಂದು ಹೊಳೆ, ಹೊಳೆಯ ದಡದಲ್ಲಿ ಒದ್ದೆ ಮರಳು. ಆ ಮರಳೇ ಗುಬ್ಬಿಮರಿಗಳ ಶಾಲೆ. ಕಲಿಸುತ್ತಿದ್ದವರು ಕಾಗೆ ಮೇಷ್ಟ್ರು. ಅಕ್ಷರ ಸೊಟ್ಟಗಿದ್ದರೆ ಕಾಗೆ ಕಾಲು ಗುಬ್ಬಿ ಕಾಲು ಎನ್ನುತ್ತಾರಲ್ಲ, ಅಲ್ಲಿ ಎರಡೂ ಒಂದೇ ಕಡೆ ಇದ್ದವು. ಮೇಷ್ಟ್ರಿಗೆ ಅದರ ಬಗ್ಗೆ ನಾಚಿಕೆಯೇನೂ ಇರಲಿಲ್ಲ.

ಏಕೆಂದರೆ ಆ ದಡದಲ್ಲಿ ಬರವಣಿಗೆಗೆ ಒಂದು ಕೆಲಸವಿತ್ತು. ಬೆಳಕು ಹರಿಯುವ ಹೊತ್ತಿಗೆ ಮರಿಗಳು ಒಂದೊಂದು ಮರದ ತುದಿಗೆ ಹೋಗಿ ಕೂತು ಸುತ್ತ ನೋಡಿ ಬರಬೇಕು, ಕಂಡದ್ದನ್ನು ಮರಳಿನ ಮೇಲೆ ಬರೆಯಬೇಕು. ದೊಡ್ಡ ಗುಬ್ಬಿಗಳು ಮೇವಿಗೆ ಹೊರಡುವಾಗ ಮರಳಿನ ಮೇಲೆ ಒಂದೇ ಒಂದು ಸುತ್ತು ಹಾರಿ, ಓದಿಕೊಂಡು, ಎತ್ತ ಹೋಗಬೇಕು ಎತ್ತ ಹೋಗಬಾರದು ಎಂದು ತಿಳಿದುಕೊಂಡು ಹೋಗುತ್ತಿದ್ದವು. ಗಿಡುಗ ಎಲ್ಲಿದೆ, ಹಾವು ಎಲ್ಲಿ ಮಲಗಿದೆ, ಯಾವ ಹೊಲದಲ್ಲಿ ಕಾಳು ಉದುರಿದೆ, ಎಲ್ಲವೂ ಆ ಮರಳಿನಲ್ಲೇ ಗೊತ್ತಾಗುತ್ತಿತ್ತು.

ಹಾಗಾಗಿ ಮೇಷ್ಟ್ರ ಪಾಠ ಚಿಕ್ಕದು. "ಓದೋರು ಹಾರ್ತಾ ಇರ್ತಾರೆ ಮಕ್ಳಾ," ಎನ್ನುತ್ತಿದ್ದರು. "ಹಾವು ಮೊದ್ಲು ಬರೀರಿ. ಹೂವು ಆಮೇಲೆ ಬರೀರಿ."

ಮರಿಗಳಲ್ಲೆಲ್ಲ ಚಿಕ್ಕದು ಜೀರಿಗೆ. ಹೆಸರಿಗೆ ತಕ್ಕ ಮೈ. ಅಪ್ಪ ಅಮ್ಮ ಇಲ್ಲ. ಅಜ್ಜಿ ಸಾಕಿದ್ದಳು, ಆ ಅಜ್ಜಿಯೇ ಗುಬ್ಬಿಗಳ ಹಿಂಡಿಗೆ ಮುಂದಾಳು. ಜೀರಿಗೆಯ ಕಣ್ಣು ಚುರುಕು. ಒಂದು ಬೆಳಿಗ್ಗೆ ಅವಳು ಬರೆದದ್ದು ಇಷ್ಟು: "ಹುಣಸೆ ಬುಡದಲ್ಲಿ ಹುಲ್ಲು ಅಲುಗುತ್ತಿದೆ. ಗಾಳಿ ಇಲ್ಲ." ಅಂದು ಹಿಂಡು ಹುಣಸೆ ಮರದ ಕಡೆ ಹೋಗಲಿಲ್ಲ. ಮೇಷ್ಟ್ರು ಆ ಎರಡು ಸಾಲನ್ನು ಸಂಜೆಯವರೆಗೂ ನೀರು ಮುಟ್ಟದ ಹಾಗೆ ಕಾಯ್ದುಕೊಂಡರು. ಅಷ್ಟು ಖುಷಿಯಾಗಿತ್ತು ಅವರಿಗೆ.

ಹೀಗಿರುವಾಗ ಆ ಕಾಡಿನ ಅರಸನಾದ ನವಿಲಿಗೆ ಒಂದು ಚಿಂತೆ ಹತ್ತಿತು. ಪಕ್ಕದ ಕಾಡಿನ ಮರಿಗಳು ಬರವಣಿಗೆಯಲ್ಲಿ ನೂರಕ್ಕೆ ತೊಂಬತ್ತು ತೆಗೆಯುತ್ತವಂತೆ. ನಮ್ಮ ಮರಿಗಳು ಎಷ್ಟು ತೆಗೆಯುತ್ತವೆ ಎಂದು ಕೇಳಿದರೆ ಆಸ್ಥಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಯಾರೂ ಅಂಕ ಹಾಕಿರಲಿಲ್ಲ. ಕೂಡಲೇ ಪರೀಕ್ಷೆ ಗೊತ್ತಾಯಿತು. ಅಂಕ ಹಾಕಲು ಕೊಕ್ಕರೆಗಳು ನೇಮಕವಾದವು. ಒಂಟಿಕಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲ ಹಕ್ಕಿಗಿಂತ ಶ್ರದ್ಧಾವಂತರು ಬೇರೆ ಯಾರಿದ್ದಾರೆ? ಮೈಬಣ್ಣವೂ ಬಿಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಅರಮನೆಯವರೆಗೆ ಮುಟ್ಟಿರಲಿಲ್ಲ.

"ನಮ್ಮ ಕಾಡು" ಎಂಬ ವಿಷಯಕ್ಕೆ ಜೀರಿಗೆ ನಾಲ್ಕು ಸಾಲು ಬರೆದಳು. ನಾಲ್ಕೂ ನಿಜ. ಕೊಕ್ಕರೆ ಅದನ್ನು ಆ ಕಡೆಯಿಂದ ಒಮ್ಮೆ ಈ ಕಡೆಯಿಂದ ಒಮ್ಮೆ ನೋಡಿತು. "ಪೀಠಿಕೆ ಇಲ್ಲ. ಉಪಸಂಹಾರ ಇಲ್ಲ. ಒಂದು ಗಾದೆಯೂ ಇಲ್ಲ," ಎಂದು ಸೊನ್ನೆ ಸುತ್ತಿತು. ಹೊಳೆದಡದ ಶಾಲೆ ಇಡೀ ಕಾಡಿಗೆ ಕೊನೆಯದಾಯಿತು.

ಅರಮನೆಯಿಂದ ಆಜ್ಞೆ ಬಂತು. ಮುಂದಿನ ಪರೀಕ್ಷೆಯಲ್ಲಿ ಅಂಕ ಏರದಿದ್ದರೆ ಈ ಶಾಲೆ ಮುಚ್ಚಿ, ಮರಿಗಳನ್ನು ಹೊಳೆಯಾಚೆಯ ದೊಡ್ಡ ಶಾಲೆಗೆ ಸೇರಿಸಲಾಗುವುದು. ಹೊಳೆ ಎಷ್ಟು ಅಗಲ, ಮರಿಯ ರೆಕ್ಕೆ ಎಷ್ಟು ಎಂದು ಅಳೆದವರಿಲ್ಲ. ದಾಟಲು ಹೋದರೆ ಅರ್ಧ ಮರಿಗಳು ನೀರುಪಾಲಾಗುತ್ತವೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೆ ಆಜ್ಞೆಯ ಕೊನೆಯಲ್ಲಿ ಒಂದು ಕೃಪೆಯೂ ಇತ್ತು: ಅಂಕ ಏರಿಸುವುದು ಹೇಗೆಂದು ಮೇಷ್ಟ್ರುಗಳಿಗೆ ಆಲದ ಮರದಲ್ಲಿ ತರಬೇತಿ, ಊಟ ಉಪಾಹಾರ ಸಹಿತ.

ತರಬೇತಿ ಕೊಡಲು ಬಂದದ್ದು ಕೋಗಿಲೆ ಮೇಡಂ. ಕಾಗೆ ಮೇಷ್ಟ್ರು ನೋಡಿದ ಕೂಡಲೇ ಗುರುತು ಹಿಡಿದರು. ಅವಳು ಮೊಟ್ಟೆಯೊಡೆದು ಬಂದದ್ದು ಅವರ ಗೂಡಿನಲ್ಲಿ, ಕೊಕ್ಕಿನಿಂದ ಕೊಕ್ಕಿಗೆ ತುತ್ತು ತಿಂದದ್ದು ಅವರ ಹೆಂಡತಿಯಿಂದ, ಮೊದಲ ಅಕ್ಷರ ತಿದ್ದಿದ್ದು ಅದೇ ಮರಳಿನ ಮೇಲೆ. ತನ್ನದೊಂದು ಗೂಡು ಕಟ್ಟಿದವಳಲ್ಲ, ಒಂದು ಮರಿ ಸಾಕಿದವಳಲ್ಲ. ಅವಳು ಇವರ ಕಡೆ ನೋಡಿ, "ಹೊಳೆದಡದ ಮೇಷ್ಟ್ರಾ? ಮುಂದಿನ ಕೊಂಬೆಗೆ ಬನ್ನಿ, ನಿಮ್ಮ ಅಂಕ ತುಂಬ ಕಡಿಮೆ," ಎಂದಳು. ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಬೇಡವಾಯಿತೋ, ಮೇಷ್ಟ್ರು ಕೇಳಲು ಹೋಗಲಿಲ್ಲ.

ಕಂಠ ಮಾತ್ರ ಜೇನು. ಅವಳು ಹೇಳಿದ ವಿಧಾನವೂ ಅಷ್ಟೇ ಸರಾಗ. ಮೊದಲು ಪೀಠಿಕೆ: ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಶುರುಮಾಡಿ, ಒಂದು ಗಾದೆ ಹೇಳಿ, ಕಾಡಿನ ಹಿರಿಮೆ ಕೊಂಡಾಡಬೇಕು. ನಡುವೆ ವಿಷಯ ನಿರೂಪಣೆ. ಕೊನೆಗೆ "ಹೀಗೆ" ಎಂದು ಆರಂಭಿಸಿ ಉಪಸಂಹಾರ. ಯಾವ ವಿಷಯ ಕೊಟ್ಟರೂ ಇದೇ ಅಚ್ಚು. ಮೇಷ್ಟ್ರುಗಳೆಲ್ಲ ತಲೆಯಾಡಿಸಿದರು, ಕೆಲವರು ತೂಕಡಿಸಿದ್ದೂ ಹಾಗೇ ಕಂಡಿತು.

ಕಾಗೆ ಮೇಷ್ಟ್ರು ಒಮ್ಮೆ ಗಂಟಲು ಸರಿಮಾಡಿಕೊಂಡರು. "ಮೇಡಂ, ನಮ್ಮಲ್ಲಿ ಓದೋರು ಹಾರ್ತಾ ಇರ್ತಾರೆ."

"ಮೇಷ್ಟ್ರೇ," ಎಂದಳು ಕೋಗಿಲೆ, ಅದೇ ಇಂಪಿನಲ್ಲಿ, "ಅಂಕ ಕೊಡೋರು ಹಾರಲ್ಲ."

ಮೇಷ್ಟ್ರಿಗೆ ಹೊಳೆಯ ಅಗಲ ಕಣ್ಣಮುಂದೆ ಬಂತು. ಸುಮ್ಮನೆ ಕೂತು ಕಲಿತರು.

ದಡಕ್ಕೆ ಮರಳಿ ಮರಿಗಳಿಗೆ ಕಲಿಸಿದರು. ಕೆಟ್ಟದಾಗಿ ಕಲಿಸುವುದು ಅವರಿಗೆ ಗೊತ್ತೇ ಇರಲಿಲ್ಲ, ಅದೇ ಅನಾಹುತ. ಜೀರಿಗೆ ಒಬ್ಬಳೇ ತಕರಾರು ತೆಗೆದಳು.

"ಮೇಷ್ಟ್ರೇ, ಪರೀಕ್ಷೆಗೆ ಹಿಂಗೆ ಬರೀತೀನಿ. ಬೆಳಿಗ್ಗೆ ಅಜ್ಜಿಗೆ ಮೊದ್ಲಿನ ಥರಾನೇ ಬರೀಲಾ?"

ದಿನಾ ಒಂದು ರೀತಿ ಪರೀಕ್ಷೆಗೆ ಒಂದು ರೀತಿ ಬರೆದರೆ ಅಭ್ಯಾಸ ಕೆಡುತ್ತದೆ ಎಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ಮರಿಗೆ ಅಂಕ ಬರದಿದ್ದರೆ ಹೊಳೆ ದಾಟಬೇಕು. "ಬೇಡ ಮಗಾ," ಎಂದರು ಮೇಷ್ಟ್ರು. "ಎರಡಕ್ಕೂ ಒಂದೇ ಥರ ಬರಿ." ಇದನ್ನು ಅವರು ಪ್ರೀತಿಯಿಂದಲೇ ಹೇಳಿದರು.

ಪರೀಕ್ಷೆಯ ದಿನ ಕೊಕ್ಕರೆಗಳು ಬೆಳಿಗ್ಗೆಯೇ ಬಂದು ಮರಳಿನ ಅಂಚಿನಲ್ಲಿ ಕಾಲು ಮಡಿಸಿ ನಿಂತವು. ವಿಷಯ: ಮುಂಜಾವಿನ ಸೊಬಗು. ಮೇಷ್ಟ್ರುಗಳು ದೂರದ ಬಂಡೆಯ ಮೇಲಿರಬೇಕು, ಬರೆಯುವ ಮರಿಗಳು ತುಟಿಪಿಟಿಕ್ಕೆನ್ನಬಾರದು. ಜೀರಿಗೆ ಆಗತಾನೇ ಮರದ ತುದಿಯಿಂದ ಇಳಿದು ಬಂದಿದ್ದಳು. ಹುಣಸೆಯ ಕೆಳಗೆ ರಾತ್ರಿ ಇಲ್ಲದ ಕಾಳು ಹರಡಿದ್ದನ್ನು, ಕಾಳಿನ ಮೇಲೆ ತೆಳ್ಳಗೆ ಹಾಸಿದ್ದ ಬಲೆಯನ್ನು ಕಂಡು ಬಂದಿದ್ದಳು. ಅವಳಿಗೆ ಗಾಬರಿಯಾಗಲಿಲ್ಲ. ಬರೆದರಾಯಿತಲ್ಲ.

ಅವಳು ಬರೆದಳು. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಕೈ ಕೆಸರಾದರೆ ಬಾಯಿ ಮೊಸರು ಎಂಬಂತೆ ಮುಂಜಾನೆ ಎದ್ದು ದುಡಿಯುವವರೇ ಧನ್ಯರು. ನಮ್ಮ ಕಾಡು ಸುಂದರವಾದ, ಸಮೃದ್ಧವಾದ, ಶಾಂತವಾದ ಕಾಡು. ಇಲ್ಲಿ ಸೂರ್ಯನು ಚಿನ್ನದ ಕಿರಣಗಳನ್ನು ಚೆಲ್ಲುತ್ತಾನೆ..." ಎಂದು ನಾಲ್ಕು ಮಾರು ಮರಳು ತುಂಬಿತು. ಆಮೇಲೆ ಕಲಿಸಿದ ಜಾಗದಲ್ಲೇ, ಪೀಠಿಕೆ ಮುಗಿದ ಮೇಲೆ, ವಿಷಯ ನಿರೂಪಣೆಯ ನಡುವೆ ಬರೆದಳು: "ಹುಣಸೆಯ ಕೆಳಗೆ ಬಲೆ ಇದೆ."

ಅಷ್ಟರಲ್ಲಿ ಹಿಂಡು ಎದ್ದಿತು. ಅಜ್ಜಿ ಮುಂದೆ. ಮರಳಿನ ಮೇಲೆ ಒಂದು ಸುತ್ತು. ಚಿನ್ನದ ಕಿರಣದವರೆಗೆ ಓದಿದಳು. ಅಷ್ಟಕ್ಕೆ ಸುತ್ತು ಮುಗಿಯಿತು. "ಎಷ್ಟ್ ಚೆನ್ನಾಗ್ ಬರ್ದಿದಾಳೆ ನೋಡ್ರೇ ನನ್ ಮೊಮ್ಮಗಳು," ಎಂದಳು ಹಿಂದಿನವರಿಗೆ. ಶಾಂತವಾದ ಕಾಡು ಎಂದು ಬರೆದಿದೆಯಲ್ಲ. ಹಿಂಡು ಹುಣಸೆಯ ಕಡೆ ತಿರುಗಿತು.

ಜೀರಿಗೆ ತಲೆಯೆತ್ತಿ ನೋಡಿದಳು. ಅಜ್ಜಿ ಓದಿದ್ದಾಳೆ, ಇನ್ನು ಬೇರೆ ಕಡೆ ತಿರುಗುತ್ತಾಳೆ ಎಂದುಕೊಂಡಳು. ಉಪಸಂಹಾರ ಬಾಕಿ ಇತ್ತು. ತಲೆ ತಗ್ಗಿಸಿ "ಹೀಗೆ" ಎಂದು ಬರೆಯತೊಡಗಿದಳು.

ಹುಣಸೆಯ ಕಡೆಯಿಂದ ಕಿರುಚಾಟ ಎದ್ದಿತು. ಅದನ್ನು ಕೇಳಿ ಮೇಷ್ಟ್ರು ಬಂಡೆಯಿಂದ ಹಾರಿ ಬರುವ ಹೊತ್ತಿಗೆ ಅದೂ ನಿಂತಿತ್ತು. ಆ ಹಿಂಡಿನ ಒಂದು ಗುಬ್ಬಿಯೂ ತಿರುಗಿ ಬರಲಿಲ್ಲ. ಜೀರಿಗೆ ಮರಳಿನ ಮೇಲೆ ನಿಂತೇ ಇದ್ದಳು. "ನಾನು ಬರ್ದಿದ್ದೆ ಮೇಷ್ಟ್ರೇ," ಎಂದಳು. ಮೇಷ್ಟ್ರು ಆ ಸಾಲನ್ನು ಹುಡುಕಿದರು. ಹುಡುಕಬೇಕಾಯಿತು ಎನ್ನುವುದೇ ಅವರ ಎದೆಗೆ ಚುಚ್ಚಿತು.

ಹೊಳೆದಡದ ಶಾಲೆ ಇಡೀ ಕಾಡಿಗೆ ಮೊದಲು ಬಂತು. ಯಾವ ಮರಿಯೂ ಹೊಳೆ ದಾಟಬೇಕಾಗಲಿಲ್ಲ. ಜೀರಿಗೆಗೆ ನೂರಕ್ಕೆ ತೊಂಬತ್ತೊಂಬತ್ತು. ಕೊಕ್ಕರೆ ಒಂದು ಅಂಕ ಕಳೆದಿತ್ತು, ಕಾರಣವನ್ನೂ ಪಕ್ಕದಲ್ಲಿ ಬರೆದಿತ್ತು: ಬಲೆಯ ಸಾಲು ವಿಷಯಕ್ಕೆ ಹೊಂದುವುದಿಲ್ಲ.

ಮುಂದಿನ ತರಬೇತಿಗೆ ಮೇಷ್ಟ್ರನ್ನು ಸನ್ಮಾನಕ್ಕೆ ಕರೆದರು, ಜೀರಿಗೆಯನ್ನೂ ಕರೆತರಲು ಹೇಳಿದರು. ಆಲದ ಮರ ಕಾಡಿನ ಎಲ್ಲ ಮೇಷ್ಟ್ರುಗಳಿಂದ ತುಂಬಿತ್ತು. ಕೋಗಿಲೆ ಮೇಡಂ ಜೀರಿಗೆಯ ಪ್ರಬಂಧವನ್ನು ಮಾದರಿಯೆಂದು ಹಾಡಿ ತೋರಿಸಿದಳು. "ಒಂದೇ ಒಂದು ಸಾಲು ತೆಗೆದಿದ್ದೇನೆ. ಈಗ ಇದಕ್ಕೆ ನೂರಕ್ಕೆ ನೂರು," ಎಂದಳು. ಎಲ್ಲರೂ ಬರೆದುಕೊಂಡರು. ಆಮೇಲೆ, "ಮೇಷ್ಟ್ರು ಎರಡು ಮಾತಾಡಬೇಕು," ಎಂದು ಕೊಂಬೆ ಬಿಟ್ಟುಕೊಟ್ಟಳು.

ಮೇಷ್ಟ್ರ ಬಳಿ ಹೇಳುವುದಕ್ಕೆ ಒಂದೇ ಮಾತಿತ್ತು. ಅದಕ್ಕಾಗಿಯೇ ಬಂದಿದ್ದರು. ನಿದ್ದೆಗೆಟ್ಟು ತೂಗಿ ನೋಡಿ, ಇಷ್ಟು ದೊಡ್ಡವರ ಮುಂದೆ ಸುತ್ತಿಗೆಯಿಂದ ಹೊಡೆದ ಹಾಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಕ್ರಮವಾಗಿ ಹೇಳಬೇಕು ಎಂದುಕೊಂಡಿದ್ದರು. ಗಂಟಲು ಸರಿಮಾಡಿಕೊಂಡರು. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು," ಎಂದು ಆರಂಭಿಸಿದರು. ಚಪ್ಪಾಳೆ ಬಿತ್ತು. ಅರಸರ ಕೃಪೆ, ಮೇಡಂ ಅವರ ಮಾರ್ಗದರ್ಶನ, ಕಾಡಿನ ಹಿರಿಮೆ, ಒಂದೊಂದಾಗಿ ಹೇಳುತ್ತ ಹೋದರು. ಇನ್ನೇನು ಹುಣಸೆಯ ಮಾತಿಗೆ ಬರಬೇಕು, ಕೆಳಗಿನಿಂದ ಯಾರೋ ಊಟಕ್ಕೆ ಕರೆದರು. ಮರವೇ ಎದ್ದುಹೋದಂತೆ ಎಲ್ಲರೂ ಇಳಿದು ಹಾರಿದರು. ಕೆಳಗೆ ಕಾಳು ಹರಡಿತ್ತು. ಹರಡಿದವರು ಯಾರೆಂದು ಯಾರೂ ಕೇಳಲಿಲ್ಲ.

"ಹುಣಸೆಯ ಕೆಳಗೆ..." ಎಂದರು ಮೇಷ್ಟ್ರು ಖಾಲಿ ಕೊಂಬೆಗಳಿಗೆ.

ಹಿಂದಿನ ಕೊಂಬೆಯಲ್ಲಿ ಜೀರಿಗೆ ಒಬ್ಬಳೇ ಉಳಿದಿದ್ದಳು. ಅವಳು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು.

"ಹಾವು ಮೊದ್ಲು ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಮೇಷ್ಟ್ರೇ," ಎಂದಳು.