ಲಿಫ್ಟಿನೊಳಗಿದ್ದ ವರ್ಷನ್

ಲಿಫ್ಟ್ ನಡೆಸುವ ಸಾಫ್ಟ್‌ವೇರ್ ಬರೆಯುವ ಆ ಎರಡು ಕೋಣೆಯ ಆಫೀಸಿನಲ್ಲಿ ಯಜಮಾನನಾದ ಅಣ್ಣನದು ಒಂದೇ ವರಾತ: ಏನೇ ತಿದ್ದಿದರೂ ಮೊದಲು ರೆಪೊಗೆ, ಅಂದರೆ ಎಲ್ಲರ ಕೋಡೂ ಒಟ್ಟಿಗಿರುವ ಜಾಗಕ್ಕೆ ಹಾಕಿ, ಆಮೇಲೆ ಗಿರಾಕಿಗೆ ಕಳಿಸಿ. ತಪ್ಪಿದವರ ಗ್ರಹಚಾರ ಬಿಡಿಸುತ್ತಿದ್ದ, ಪುಣ್ಯಾತ್ಮ.

ಹೀಗಿರುವಾಗ ಒಂದು ಆಸ್ಪತ್ರೆಯಲ್ಲಿ, ಸ್ಟ್ರೆಚರ್ ಪೂರ್ತಿ ಒಳಗೆ ಬರುವ ಮುಂಚೆಯೇ ಲಿಫ್ಟಿನ ಬಾಗಿಲು ಮುಚ್ಚಿ ರೋಗಿಯ ಕಾಲಿಗೆ ಪೆಟ್ಟಾಯಿತು. ಬಾಗಿಲಿನ ಕೋಡ್ ಬರೆದವಳು ಅಲ್ಲೇ ಕೆಲಸ ಮಾಡುವ ಅವನ ತಂಗಿ. ಅಣ್ಣ ಹಿಂದೆಮುಂದೆ ನೋಡಲಿಲ್ಲ. "ನಿನ್ನ ಕೈಗೆ ಕೆಲಸ ಕೊಟ್ನಲ್ಲ, ನನ್ನ ಬುದ್ಧಿಗೆ ಏನು ಹೇಳ್ಬೇಕು" ಎಂದು ಎಲ್ಲರೆದುರು ನೀರಿಳಿಸಿದ. ಇವತ್ತು ಆಸ್ಪತ್ರೆಗೆ ಹೋಗಿ ತಪ್ಪೊಪ್ಪಿಕೊಂಡು ಬಾ ಎಂದು ಅವಳಿಗೇ ಹೇಳಿದ್ದ.

ಆ ತಪ್ಪು ಕೋಡಿನ ಯಾವ ಸಾಲಿನಲ್ಲಿದೆ ಎಂದು ತೋರಿಸಬೇಕಲ್ಲ. ಈಗ ಅಣ್ಣ ಕೂತು, ಆ ಲಿಫ್ಟಿನಲ್ಲಿದ್ದ ಸಾಫ್ಟ್‌ವೇರ್ ವರ್ಷನ್ನಿನ ಗುರುತು ತೆರೆದ. ಅದರ ಜಾಡು ಹಿಡಿದು ಹೋದರೆ ಯಾವ ಕೋಡಿನಿಂದ, ಯಾವ ಕಂಪ್ಯೂಟರಿನಲ್ಲಿ ತಯಾರಾಯಿತೆಂದು ಸಿಗುತ್ತದೆ. ತಂಗಿಯ ಕೋಡ್ ಸಿಕ್ಕಿತು. ಮುಚ್ಚುವ ಮುಂಚೆ ಬಾಗಿಲು ಕಾಯುವ ಸಮಯ ಅದರಲ್ಲಿ ಸರಿಯಾಗಿಯೇ ಇತ್ತು. ಆದರೆ ಗುರುತಿನ ಕೊನೆಯಲ್ಲಿ 'ಡರ್ಟಿ' ಅಂತಿತ್ತು. ರೆಪೊಗೆ ಹಾಕದೆ ಯಾರೋ ತಿದ್ದಿ ಕಳಿಸಿದ್ದಾರೆ ಎಂದರ್ಥ. ಪಕ್ಕದಲ್ಲೇ ಕಂಪ್ಯೂಟರಿನ ಹೆಸರು. ಅವನದೇ.

ಆಗ ನೆನಪಾಯಿತು. ಬಾಗಿಲು ನಿಧಾನ, ಬಾಗಿಲು ನಿಧಾನ ಅಂತ ಆಸ್ಪತ್ರೆ ಮ್ಯಾನೇಜರ್ ಪ್ರಾಣ ತಿಂದಿದ್ದ. ತಂಗಿ ರಜೆಯಲ್ಲಿದ್ದಳು. ಒಂದು ಸಂಖ್ಯೆ ತಾನೇ ಅಂತ ಇವನೇ ಆ ಕಾಯುವ ಸಮಯ ಇಳಿಸಿ, ಕಳಿಸಿ, ಮರೆತೂಬಿಟ್ಟಿದ್ದ. ತಂಗಿಯ ಮುಖ ಹೇಗೆ ನೋಡಲಿ ಎನ್ನುವಷ್ಟು ನಾಚಿಕೆಯಾಯಿತು.

ನೋಡಲೇಬೇಕಾಯಿತು. ಅವಳು ಹೆಗಲಿಗೆ ಬ್ಯಾಗು ಹಾಕಿಕೊಂಡು ಎದುರಿಗೇ ಬಂದು ನಿಂತಳು.

"ಸಿಕ್ತಾ ಅಣ್ಣ?"

ಹೇಳಿಬಿಡೋಣ ಅಂದುಕೊಂಡ. ಅಷ್ಟರಲ್ಲಿ ಕೈ ತಾನಾಗಿ ಪರದೆಯ ಮೇಲಿದ್ದದ್ದನ್ನು ಮುಚ್ಚಿತ್ತು. "ಎಲ್ಲಿ, ಏನೂ ಗೊತ್ತಾಗ್ತಿಲ್ಲ. ನೀನು ಹೋಗಿ ಬಾ."

ತಂಗಿ ಪರದೆಯತ್ತ ಬೆರಳು ತೋರಿಸಿದಳು.

"ಪೆಟ್ಟಾದ ದಿನವೇ ನಾನು ಆ ಗುರುತನ್ನ ನೋಡ್ದೆ. ನೀನಾಗೇ ಹೇಳ್ತೀಯ ಅಂತ ಬೈಸ್ಕೊಂಡು ಕಾದೆ" ಎಂದಳು. "ಅಲ್ಲಿ ಹೋಗಿ ಇದ್ದದ್ದನ್ನ ಇದ್ದ ಹಾಗೇ ಹೇಳ್ತೀನಿ. ಈಗ ನೀನೇ ಹೇಳಿದ್ದಿದ್ರೆ, ಅಲ್ಲೂ ನಿನ್ನ ಪಕ್ಕದಲ್ಲಿ ನಿಂತ್ಕೊಂಡಿರ್ತಿದ್ದೆ."