ಬಸುರಿಗೆ ಥಂಡಿ ತಾಗಬಾರದು

ಬಾಗಿಲು ತೆಗೆದು ಒಳಗೆ ಕಾಲಿಟ್ಟದ್ದೇ ತಡ, ಕಲ್ಮೇಶನ ಎದೆಗೆ ಸಿಕ್ಕಿಸಿದ್ದ ಗ್ಯಾಸ್ ಡಿಟೆಕ್ಟರ್ ಕಿರುಚತೊಡಗಿತು. ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯ ಸ್ಟೋರಿಗೆ ಒಪ್ಪಿಸಿ ಬರಬೇಕಾದ ಯಂತ್ರವದು. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಜಾಕೀಟಿನ ಮೇಲೇ ಉಳಿದುಬಿಟ್ಟಿತ್ತು. ಅವನಿಗೆ ಮೊದಲು ಬಂದದ್ದು ಸಿಟ್ಟು. ಇದು ಕೆಟ್ಟಿದೆ, ಇನ್ನು ಸ್ಟೋರಿನವನಿಂದ ಬೈಸಿಕೊಳ್ಳಬೇಕು ಅಂದುಕೊಂಡು ಎರಡು ಸಲ ತಟ್ಟಿದ. ಸಿಓ ಎಂಬ ಅಕ್ಷರಗಳ ಪಕ್ಕದಲ್ಲಿ ನೂರಾ ಎಂಬತ್ತು ಹಾಗೇ ನಿಂತಿತ್ತು.

ನಾಗರತ್ನಾ ಗೋಡೆಗೆ ಒರಗಿ ಕೂತಿದ್ದಳು. ಮಗ್ಗುಲಲ್ಲಿ ಗ್ಯಾಸ್ ಹೀಟರು ಕೆಂಪಗೆ ಉರಿಯುತ್ತಿತ್ತು.

"ಬಂದ್ರಿ? ಇವತ್ತ ಮೂರ್ ಸರ್ತಿ ವಾಂತಿ ಆತ್ರಿ," ಅಂದಳು. ಅಷ್ಟು ಸುಸ್ತಿನಲ್ಲೂ ಅವಳಿಗೆ ಅದನ್ನು ಹೇಳುವುದೇ ಒಂದು ಸಂಭ್ರಮ.

ಮದುವೆಯಾಗಿ ಏಳು ವರ್ಷ. ಅವನ ರಜೆ ವರ್ಷಕ್ಕೊಂದೇ ತಿಂಗಳು. ಬಂಜೆ ಅನ್ನುವವರಿಗೆ ಇದೆಲ್ಲ ಯಾಕೆ ಬೇಕು? ನಾಲಿಗೆಗೆ ಎಲುಬಿಲ್ಲವಲ್ಲ. ಕೊನೆಗೂ ಫ್ಯಾಮಿಲಿ ವೀಸಾ ಸಿಕ್ಕಿ, ಮದೀನತ್ ಖಲೀಫಾ ಬಡಾವಣೆಯ ಹಳೆಯ ವಿಲ್ಲಾವೊಂದನ್ನು ಹಲಗೆ ಹೊಡೆದು ಪಾಲು ಮಾಡಿದ್ದ ಕೋಣೆಗೆ ಅವಳು ಬಂದು ನಾಲ್ಕು ತಿಂಗಳಾಗಿತ್ತು. ಜನವರಿಯ ಚಳಿಗೆ ನಡುಗುತ್ತಾಳೆಂದು ಕಲ್ಮೇಶ ಯಾರೋ ಬಳಸಿದ್ದ ಹೀಟರು ತಂದ. ಪೈಪಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡಿದ, ಮೂಸಿಯೂ ನೋಡಿದ. ಸೋರಿಕೆಯಿರಲಿಲ್ಲ.

ವಾರದೊಳಗೆ ಅವಳಿಗೆ ತಲೆಸುತ್ತು, ವಾಂತಿ. ಮುಟ್ಟು ಬೇರೆ ಹತ್ತು ದಿನ ಮುಂದೆ ಹೋಗಿತ್ತು. ಊರಿನಿಂದ ಫೋನಿನಲ್ಲಿ ಕಲ್ಮೇಶನ ತಾಯಿ ಹೊನ್ನವ್ವ ಕೇಳಿದ್ದೇ ಕೇಳಿದ್ದು, ತೀರ್ಪು ಕೊಟ್ಟೇಬಿಟ್ಟಳು:

"ಬಸರ ಐತಿ, ಖರೇ! ಮೂರ್ ತಿಂಗಳ ತುಂಬೂಮಟಾ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ದೃಷ್ಟಿ ಆಗ್ತೈತಿ. ದವಾಖಾನಿ ಎಲ್ಲಾ ಆಮ್ಯಾಲ. ಬಸರಿಗೆ ಥಂಡಿ ತಾಗಬಾರದಪಾ, ಬೆಚ್ಚಗಿಡು."

ಮಗ ಬೆಚ್ಚಗಿಟ್ಟ. ಕಿಟಕಿಯ ಸಂದುಗಳಿಗೆ ಟೇಪು ಅಂಟಿಸಿದ, ಫ್ಯಾನಿನ ಕಿಂಡಿಗೆ ಹಳೆಯ ಚಾದರ ತುರುಕಿದ. ಅವಳಿಗೆ ವಾಂತಿ ಹೆಚ್ಚಾಯಿತು. ಇಬ್ಬರಿಗೂ ಖುಷಿ ಹೆಚ್ಚಾಯಿತು. ಹಗಲೂ ರಾತ್ರಿ ಹೀಟರು ಉರಿಯಿತು. ತನಗೂ ಮುಂಜಾನೆ ತಲೆ ಸಿಡಿಯುತ್ತಿದ್ದುದನ್ನು ಅವನು ಶಿಫ್ಟಿನ ತಲೆಗೆ ಕಟ್ಟಿದ್ದ.

ಹನ್ನೊಂದು ವರ್ಷದಿಂದ ಈ ಮನುಷ್ಯನ ಕೆಲಸವೇನು ಗೊತ್ತೇ? ಟ್ಯಾಂಕಿನೊಳಗೆ ಆಳು ಇಳಿಯುವ ಮೊದಲು ಅಲ್ಲಿನ ಗಾಳಿ ಅಳೆದು ಸಹಿ ಹಾಕುವುದು. ವಾಸನೆಯಿಲ್ಲವೆಂದು ನಂಬಬೇಡಿ, ಕೊಲ್ಲುವ ಗಾಳಿಗೆ ವಾಸನೆಯಿರುವುದಿಲ್ಲ ಎಂದು ಹೊಸಬರಿಗೆ ದಿನವೂ ಪಾಠ ಹೇಳುತ್ತಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ.

ಯಂತ್ರ ಇನ್ನೂ ಕಿರುಚುತ್ತಲೇ ಇತ್ತು. ಅವನು ಅದನ್ನು ಹೀಟರಿನ ಹತ್ತಿರ ಹಿಡಿದ, ಅಂಕಿ ಏರಿತು. ಹೀಟರು ಆರಿಸಿ ಹೆಂಡತಿಯ ತೋಳು ಹಿಡಿದ.

"ಏಳ, ಹೊರಗ ನಡಿ."

"ಹೊರಗ ಥಂಡಿ ಐತ್ರಿ. ಅತ್ತಿ ಬ್ಯಾಡಂದಾರ."

ಅವಳಿಗೆ ಕಾಲು ಊರಲಾಗಲಿಲ್ಲ. ಎತ್ತಿಕೊಂಡೇ ಅಂಗಳಕ್ಕೆ ಬಂದ. ಪಕ್ಕದ ಕೋಣೆಯ ಮೈಸೂರಿನವರು, ತಿರುಮಲೇಶ್, "ಏನಾಯ್ತ್ರೀ? ಬನ್ನಿ, ಬನ್ನಿ, ಕೂತ್ಕೊಳ್ಳಿ," ಎಂದು ಕಾರು ತೆಗೆದರು.

ಆಸ್ಪತ್ರೆಯಲ್ಲಿ ಕಲ್ಮೇಶ ಎಲ್ಲಕ್ಕಿಂತ ಮೊದಲು ಹೇಳಿದ್ದು ಅವಳು ಬಸುರಿ ಎಂದು. ರಕ್ತ ತೆಗೆದರು, ಆಕ್ಸಿಜನ್ ಹಾಕಿದರು. ಎರಡು ತಾಸಿನ ಮೇಲೆ ಮಲಯಾಳಿ ಡಾಕ್ಟರು ಅವನೊಬ್ಬನನ್ನೇ ಪರದೆಯಾಚೆ ಕರೆದು ಹಿಂದಿಯಲ್ಲಿ ಮಾತಾಡಿದರು. ಒಳ್ಳೆಯ ಹೊತ್ತಿಗೆ ತಂದಿದ್ದೀರಿ, ಬದುಕಿಕೊಂಡರು. ಆದರೆ ಬಸುರಿ ಅಂದಿರಲ್ಲ, ಹಾಗೇನೂ ಇಲ್ಲ. ಎರಡು ಸಲ ನೋಡಿದೆವು. ವಾಂತಿಯೆಲ್ಲ ಮುಚ್ಚಿದ ಕೋಣೆಯಲ್ಲಿ ಉರಿದ ಹೀಟರಿನ ಕಾರ್ಬನ್ ಮೊನಾಕ್ಸೈಡ್ ವಿಷದ್ದೇ.

"ಒಂದು ಲೆಕ್ಕದಲ್ಲಿ ನಿಮ್ಮ ಅದೃಷ್ಟ," ಎಂದು ಅವನ ಭುಜ ತಟ್ಟಿದರು. "ಮಗುವಿದ್ದಿದ್ದರೆ ಉಳಿಯುವುದು ಕಷ್ಟವಿತ್ತು."

ಈ ಅದೃಷ್ಟವನ್ನು ಎಲ್ಲಿಟ್ಟುಕೊಳ್ಳಬೇಕೋ ಕಲ್ಮೇಶನಿಗೆ ತಿಳಿಯಲಿಲ್ಲ. ಪರದೆ ಸರಿಸಿ ಒಳಗೆ ಹೋದ.

ನಾಗರತ್ನಾ ಮಾಸ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಏನಂದ್ರರಿ ಡಾಕ್ಟರು? ಕೂಸಿಗೆ ಏನರ ಆಗೇತೇನು?"

ಅವನು ಅವಳ ಮುಖ ನೋಡಿದ.

"ಇಲ್ಲ," ಅಂದ. "ಕೂಸಿಗೆ ಏನೂ ಆಗಿಲ್ಲ."

ಅವಳು ಮಾಸ್ಕನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಇಬ್ಬರಿಗೂ ಸಾಲಲಿ ಎಂಬಂತೆ ಎದೆ ತುಂಬಾ ಉಸಿರೆಳೆದುಕೊಳ್ಳತೊಡಗಿದಳು.